ವಲಸೆ ಕುಟುಂಬದ ದಪ್ಪ ಮಕ್ಕಳಲ್ಲಿ ಸಕ್ಕರೆ, ಬಿಪಿ ಸುಳಿವು ಹಿಡಿಯುವುದು ಹೇಗೆ

ತೋರಣಗಲ್ಲಿನ ಕಾರ್ಖಾನೆ ಸುತ್ತ ಒಡಿಶಾ, ಬಿಹಾರದಿಂದ ಬಂದವರಿದ್ದಾರೆ, ಸಿಂಧನೂರಿನ ಆರ್‌.ಎಚ್‌. ಕ್ಯಾಂಪ್‌ಗಳಲ್ಲಿ (ಪುನರ್ವಸತಿ ಶಿಬಿರಗಳಲ್ಲಿ) ಬಂಗಾಳಿ ಕುಟುಂಬಗಳಿವೆ. ಇಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮಗುವಿನ ತೂಕವಷ್ಟೇ ನೋಡಿದರೆ ಸಾಲದು. ಭಾರತದ ಮಕ್ಕಳಲ್ಲಿ ಕೊಬ್ಬು ಹೊಟ್ಟೆಗೇ ಸೇರುವುದು ಹೆಚ್ಚು.

ಮೊದಲು ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಬಟ್ಟೆ ಸರಿಸಿ, ಮಗು ಉಸಿರು ಬಿಟ್ಟಾಗ ಅಳೆಯಿರಿ. ಆರು ವರ್ಷ ದಾಟಿದವರಲ್ಲಿ ಈ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು: 140 ಸೆಂ.ಮೀ. ಎತ್ತರದ ಹುಡುಗನಿಗೆ 70 ಸೆಂ.ಮೀ. ಒಳಗೆ. ಹಳೆಯ ಬಟ್ಟೆ ಟೇಪು ಜಗ್ಗಿರುತ್ತದೆ, ಅಳತೆ ಕಡಿಮೆ ತೋರಿಸುತ್ತದೆ.

ಆಮೇಲೆ ಕತ್ತಿನ ಹಿಂಭಾಗ, ಕಂಕುಳು ನೋಡಿ. ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ತಾಯಂದಿರು ಕೊಳೆ ಎಂದು ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಅದು ಹೋಗದು; ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವ ಗುರುತು ಅದು. ಮಗುವನ್ನು ಗದರಿಸದಂತೆ ತಾಯಿಗೆ ತಿಳಿಹೇಳಿ.

ಬಿಪಿ ನೋಡುವ ಮುನ್ನ ಐದು ನಿಮಿಷ ಕೂರಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ.

ಹತ್ತು ವರ್ಷ ತುಂಬಿದ ಅಥವಾ ಅದಕ್ಕೂ ಮೊದಲೇ ಪ್ರೌಢತೆ ಶುರುವಾದ ದಪ್ಪ ಮಗುವಿಗೆ, ಕತ್ತು ಕಪ್ಪಿದ್ದರೆ ಇಲ್ಲವೇ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಎಂಟು ಗಂಟೆ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 (ಮಿ.ಗ್ರಾಂ/ಡಿ.ಲೀ.) ಇದ್ದರೆ ಎಚ್ಚರಿಕೆ. 126 ಮುಟ್ಟಿದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಕಳಿಸಿ; ಜೊತೆಗೆ ವಿಪರೀತ ದಾಹ, ವಾಂತಿ ಇದ್ದರೆ ಅದೇ ದಿನ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ ಅದು ಏರಿ ಕಾಣುತ್ತದೆ. ಒಡಿಶಾ ಕಡೆಯ ಕೆಲವರಲ್ಲಿರುವ ಸಿಕಲ್ ಸೆಲ್, ಬಂಗಾಳಿಗಳಲ್ಲಿ ಕಾಣುವ ಹಿಮೋಗ್ಲೋಬಿನ್ ಇ ಎಂಬ ಹುಟ್ಟಿನಿಂದ ಬರುವ ರಕ್ತದ ದೋಷಗಳು ಕೂಡ ಅದನ್ನು ದಿಕ್ಕು ತಪ್ಪಿಸುತ್ತವೆ.

ಊಟದ ವಿಷಯದಲ್ಲಿ ಅವರ ಅಡುಗೆಯನ್ನೇ ಬದಲಿಸಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ತಟ್ಟೆಯಲ್ಲಿ ಅನ್ನ ಕಾಲು ಭಾಗ, ಮೀನು ಅಥವಾ ಬೇಳೆ ಕಾಲು ಭಾಗ, ಉಳಿದ ಅರ್ಧ ಸೊಪ್ಪು ತರಕಾರಿ. 250 ಮಿ.ಲೀ. ತಂಪು ಪಾನೀಯದಲ್ಲಿ ಸುಮಾರು 25 ಗ್ರಾಂ ಸಕ್ಕರೆ, ಅಂದರೆ ಆರು ಚಮಚ. ಮೊದಲು ನಿಲ್ಲಬೇಕಾದ್ದು ಅದು. ಸಂಜೆಯ ಮಿರ್ಚಿ ವಾರಕ್ಕೊಮ್ಮೆ ಸಾಕು. ಮಗುವನ್ನು ಉಪವಾಸ ಕೆಡವಬೇಡಿ: ಬೆಳೆಯುವ ಮಗುವಿನ ತೂಕ ಏರದೆ ನಿಂತರೂ ಎತ್ತರ ಅದನ್ನು ಸರಿದೂಗಿಸುತ್ತದೆ. ದಿನಕ್ಕೊಂದು ಗಂಟೆ ಆಟ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಹೊತ್ತು ಇಳಿದ ಮೇಲೆ.

ಗುತ್ತಿಗೆ ಮುಗಿದರೆ ಈ ಕುಟುಂಬಗಳು ಊರು ಬಿಡುತ್ತವೆ. ಎತ್ತರ, ಸುತ್ತಳತೆ, ಬಿಪಿ, ಸಕ್ಕರೆಯನ್ನು ದಿನಾಂಕದೊಂದಿಗೆ ಕಾರ್ಡಿನಲ್ಲಿ ಅಂಕಿಯಲ್ಲೇ ಬರೆದು ತಾಯಿಯ ಕೈಗೆ ಕೊಡಿ. ಬರೀ ‘ನಾರ್ಮಲ್’ ಎಂದು ಬರೆದರೆ ಮುಂದಿನ ಊರಿನ ವೈದ್ಯರಿಗೆ ಹೋಲಿಸಿ ನೋಡಲು ಏನೂ ಸಿಗದು.