ಬಕಾಸುರನ ಕಥೆಯನ್ನು ನಾನು ಬಂಡಿಯಿಂದ ಶುರು ಮಾಡುತ್ತೇನೆ

ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಕಥೆ ಹೇಳುವುದು ನನ್ನ ಕೆಲಸ. ಅಜ್ಜಿ ಕಥೆ, ಪುರಾಣದ ಕಥೆ, ಎರಡೂ ಹೇಳುತ್ತೇನೆ. ರಾಜಕುಮಾರಿಯರಿಗೆ ಅಷ್ಟೇನೂ ಬೇಡಿಕೆ ಇಲ್ಲ. ಜಾಸ್ತಿ ಕೇಳುವುದು ರಾಕ್ಷಸರನ್ನೇ.

ರಾಕ್ಷಸ ಅಂದಮೇಲೆ ದೊಡ್ಡದು ಮಾಡಿಯೇ ಹೇಳಬೇಕು. ಆದರೆ ‘ಬೆಟ್ಟದಂಥ ಮೈ, ಗುಹೆಯಂಥ ಬಾಯಿ’ ಅಂತ ಶುರು ಮಾಡಿದರೆ ಈಗಿನ ಮಕ್ಕಳು ಆಕಳಿಸುತ್ತಾರೆ. ಮೊಬೈಲಿನಲ್ಲಿ ಅದರಪ್ಪನಂಥದ್ದನ್ನು ದಿನಾ ನೋಡುತ್ತಾರೆ. ಹಾಗಾಗಿ ಬಕಾಸುರನ ಮೈಕಟ್ಟಿನ ಬಗ್ಗೆ ನಾನು ಮಾತೇ ಆಡುವುದಿಲ್ಲ. ಲೆಕ್ಕ ಕೇಳುತ್ತೇನೆ.

‘ನಿಮ್ಮ ಮನೇಲಿ ರಾತ್ರಿ ಊಟಕ್ಕೆ ಎಷ್ಟು ಅಕ್ಕಿ ಹಾಕ್ತಾರೆ?’ ಎರಡು ಪಾವು, ಮೂರು ಲೋಟ, ನಮ್ಮನೇಲಿ ಮುದ್ದೆ ಮಿಸ್, ಹೀಗೆ ಉತ್ತರ ಬರುತ್ತವೆ. ‘ಬಿಸಿಯೂಟದ ಪಾತ್ರೆ ನೋಡಿದೀರಲ್ವಾ? ಅದರಲ್ಲಿ ಎಷ್ಟು ಜನ ಉಣ್ತೀರಿ?’ ಇಡೀ ಶಾಲೆ. ‘ಅಂಥ ಪಾತ್ರೆ ಒಂದು ಎತ್ತಿನಗಾಡಿ ಮೇಲೆ ಎಷ್ಟು ಹಿಡೀಬಹುದು?’ ಇಲ್ಲಿ ಜಗಳವೇ ಆಗುತ್ತದೆ. ಆಗಲಿ ಅಂತ ಬಿಡುತ್ತೇನೆ. ಒಂದು ಸಂಖ್ಯೆಗೆ ಅವರೇ ಬಂದಮೇಲೆ ದನಿ ಎತ್ತದೆ ಹೇಳುತ್ತೇನೆ: ಅಷ್ಟೂ ಅನ್ನ ಒಬ್ಬನಿಗೆ. ಬಂಡಿ ಎಳೆದು ತಂದ ಎರಡು ಕೋಣ ನಂಚಿಕೊಳ್ಳೋಕೆ. ಬಂಡಿ ಹೊಡೆದುಕೊಂಡು ಬಂದವನು ಕೊನೆಗೆ.

ಅಲ್ಲಿಗೆ ರಾಕ್ಷಸ ಬಂದಾಯಿತು. ಅವನ ಕೋರೆಹಲ್ಲು, ಕೆಂಪು ಕಣ್ಣು ಎಲ್ಲ ಮಕ್ಕಳೇ ಹಾಕಿಕೊಳ್ಳುತ್ತಾರೆ.

ನಾನು ಕಂಡುಕೊಂಡದ್ದು ಇಷ್ಟೇ. ಪಾತ್ರದಲ್ಲಿ ಒಂದೇ ಒಂದನ್ನು ಉಬ್ಬಿಸಬೇಕು, ಸುತ್ತಲಿನದೆಲ್ಲ ನಮ್ಮ ಬೀದಿಯ ಅಳತೆಯಲ್ಲೇ ಇರಬೇಕು. ಏಕಚಕ್ರನಗರದ ಜನ ದಿನಕ್ಕೊಂದು ಮನೆಯಂತೆ ಪಾಳಿ ಹಾಕಿಕೊಂಡು ಬಕಾಸುರನಿಗೆ ಊಟ ಕಳಿಸುತ್ತಾರೆ. ನಲ್ಲಿ ನೀರಿಗೆ ಪಾಳಿ ಹಚ್ಚುವ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರೂ ಮಾಯಾನಗರಿ, ಮನೆಗಳೂ ಚಿನ್ನದವು ಅಂತ ಮಾಡಿದರೆ ರಾಕ್ಷಸ ಸಪ್ಪೆಯಾಗುತ್ತಾನೆ.

ಚಿಂತಾಮಣಿ ಕಡೆ ಹೇಳುವಾಗ ಮಾತ್ರ ಹುಷಾರಾಗಿರಬೇಕು. ಕೈವಾರವೇ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅಂತ ಆ ಸೀಮೆಯ ನಂಬಿಕೆ. ಭೀಮಲಿಂಗೇಶ್ವರನ ಗುಡಿಯೂ ಅಲ್ಲಿದೆ. ‘ಅದು ನಮ್ಮೂರ ಬೆಟ್ಟ ಮಿಸ್, ನೀವು ಸುಮ್ನಿರಿ, ನಾನು ಹೇಳ್ತೀನಿ’ ಅಂತ ಎದ್ದು ನಿಲ್ಲುವವರು ಇದ್ದೇ ಇರುತ್ತಾರೆ. ಅವರಿಗೆ ಜಾಗ ಬಿಟ್ಟುಕೊಟ್ಟರೆ ಕಥೆ ಇನ್ನೂ ಚೆನ್ನಾಗಿ ಓಡುತ್ತದೆ.

ಪ್ರವೇಶ ಮಾಡಿಸುವುದನ್ನು ಕಲಿತದ್ದು ಯಕ್ಷಗಾನದ ಬಣ್ಣದ ವೇಷದಿಂದ, ಅಂದರೆ ರಾಕ್ಷಸ ಪಾತ್ರದಿಂದ. ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಟ್ಟು, ಗಂಟೆಗಟ್ಟಲೆ ಕೂತು ಮುಖ ಬರೆದುಕೊಂಡಿರುತ್ತಾರೆ. ಆದರೂ ಆ ಮುಖವನ್ನು ಥಟ್ಟನೆ ತೋರಿಸುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ. ಕಿರೀಟದ ತುದಿ ಅಲ್ಲಾಡುತ್ತದೆ. ಚೆಂಡೆ ಏರುತ್ತದೆ. ಮುಂದೆ ಕೂತವರು ಹಿಂದೆ ಸರಿದಿರುತ್ತಾರೆ, ವೇಷ ಇನ್ನೂ ಕಂಡೇ ಇಲ್ಲ. ನನ್ನ ಹತ್ತಿರ ಚೆಂಡೆ ಎಲ್ಲಿಂದ ಬರಬೇಕು? ಬಾಗಿಲ ಚಿಲಕ ಅಲ್ಲಾಡಿಸುತ್ತೇನೆ. ಮೇಜಿನ ಕೆಳಗೆ ಕಾಲಿನಿಂದ ನಿಧಾನಕ್ಕೆ ಸದ್ದು ಮಾಡುತ್ತೇನೆ. ಅಂಗನವಾಡಿ ವಯಸ್ಸಿನವರು ಇದ್ದರೆ ಅದೂ ಬೇಡ. ಅತ್ತುಬಿಡುತ್ತವೆ ಪಾಪ.

ಈ ಕಥೆಯ ಮಜಾ ಇರುವುದು ಭೀಮನ ಊಟದಲ್ಲಿ. ಭಿಕ್ಷೆ ತಂದದ್ದನ್ನು ಕುಂತಿ ಎರಡು ಪಾಲು ಮಾಡುತ್ತಾಳೆ. ಅರ್ಧ ಭೀಮನಿಗೆ, ಉಳಿದ ಅರ್ಧ ಅವಳಿಗೂ ಮಿಕ್ಕ ನಾಲ್ವರು ಮಕ್ಕಳಿಗೂ. ‘ಇದು ಸರೀನಾ?’ ಅಂತ ಕೇಳಿದರೆ ತರಗತಿ ಎರಡು ಹೋಳು. ಆ ಅರ್ಧವೂ ಸಾಲದೆ ಇದ್ದವನ ಮುಂದೆ ಈಗ ಒಂದು ಬಂಡಿ ಅನ್ನ. ಪಾಳಿ ಬಂದ ಮನೆಯವರ ಬದಲು ಕಾಡಿಗೆ ಹೋದವನು ಬಕಾಸುರನ ಹೆಸರು ಕೂಗಿ ಕರೆಯುತ್ತಾ ತಾನೇ ಉಣ್ಣಲು ಕೂರುತ್ತಾನೆ. ರಾಕ್ಷಸ ಬಂದು ಬೆನ್ನಿಗೆ ಎರಡೂ ಕೈಯಿಂದ ಗುದ್ದುತ್ತಾನೆ. ಭೀಮ ತಿರುಗಿಯೂ ನೋಡುವುದಿಲ್ಲ. ಊಟ ಮುಗಿಸಿ, ಕೈಬಾಯಿ ತೊಳೆದುಕೊಂಡು, ಆಮೇಲೆ ಏಳುತ್ತಾನೆ. ಇದು ನಾನು ಸೇರಿಸಿದ್ದಲ್ಲ, ಮಹಾಭಾರತದಲ್ಲೇ ಹೀಗಿದೆ. ನಾನು ಮಾಡುವುದು ನಡುನಡುವೆ ಒಂದೊಂದು ತುತ್ತು ಕಲಸುವುದು ಮಾತ್ರ. ಗುದ್ದು ಬಿತ್ತು, ಒಂದು ತುತ್ತು. ಇನ್ನೊಂದು ಗುದ್ದು, ಬೆರಳು ನೆಕ್ಕುವುದು. ಅವಸರ ಮಾಡಬಾರದು. ನಾನು ಎಷ್ಟು ತಣ್ಣಗಿರುತ್ತೇನೋ ಅಷ್ಟು ನಗು.

ಒಂದು ತೊಂದರೆಯೂ ಇದೆ. ಕಥೆ ಮುಗಿದ ಮಾರನೇ ದಿನ ಸ್ವಲ್ಪ ದಪ್ಪಗಿರುವ ಹುಡುಗನಿಗೆ ‘ಬಕಾಸುರ’ ಅಂತ ಹೆಸರು ಬೀಳುತ್ತದೆ. ನಮ್ಮ ಹಳೇ ಆಟಗಳಲ್ಲಿ ಮೈಯನ್ನು ಉಬ್ಬಿಸಿ ನಗಿಸುವುದು ಮಾಮೂಲು. ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನೇ ನೋಡಿ, ಡೊಳ್ಳು ಹೊಟ್ಟೆ, ಕಪ್ಪು ಮೈ, ಕೆದರಿದ ಕೂದಲು. ಆದರೆ ಅವನು ಬರೀ ನಗೆಪಾಟಲಿನವನಲ್ಲ. ತೊಗಲುಗೊಂಬೆಯಲ್ಲಿ ರಾಜರ ಗೊಂಬೆಗಳು ದೊಡ್ಡವು, ಸಾಮಾನ್ಯರವು ಚಿಕ್ಕವು. ಆ ದೊಡ್ಡವರ ಕಥೆಯ ನಡುವೆ ನುಗ್ಗಿ, ಇವತ್ತಿನ ಮಾತಾಡಿ ಹೋಗುವ ಸಲಿಗೆ ಕಿಳ್ಳೇಕ್ಯಾತನಿಗೂ ಅವನ ಜೋಡಿ ಬಂಗಾರಕ್ಕನಿಗೂ ಇದೆ. ಆ ಸಲಿಗೆ ಬಿಟ್ಟು ಹೊಟ್ಟೆಯನ್ನು ಮಾತ್ರ ಎತ್ತಿಕೊಂಡು ಬಂದರೆ ಅದು ಹೀಯಾಳಿಕೆ.

ಅದಕ್ಕೇ ಹೊಟ್ಟೆಬಾಕತನ ನನ್ನ ಕಥೆಯಲ್ಲಿ ಭೀಮನ ಪಾಲಿಗೆ ಹೋಗುತ್ತದೆ, ಅದೂ ಮೆಚ್ಚುಗೆಯಾಗಿ. ಇಬ್ಬರೂ ಬಂಡಿಗಟ್ಟಲೆ ತಿನ್ನುವವರೇ. ಬಕಾಸುರನನ್ನು ಕೆಟ್ಟವನು ಮಾಡುವುದು ಪಾಳಿ, ಅವನ ಹಸಿವಲ್ಲ. ಊರಿಗೆ ಊರೇ ಹೆದರಿ ಅವನಿಗೆ ಬೇಯಿಸಿ ಹಾಕುತ್ತದಲ್ಲ, ಅದು. ಹೀಗೆ ಹೇಳಿದಮೇಲೆ ದಪ್ಪ ಹುಡುಗನಿಗೆ ‘ಭೀಮ’ ಅಂತ ಕರೆದದ್ದು ಕೇಳಿದ್ದೇನೆ. ಅದೂ ಬೇಡವಾಗಿತ್ತು, ಆದರೂ ಪರವಾಗಿಲ್ಲ, ಅವನು ಎದೆ ಉಬ್ಬಿಸಿಕೊಂಡೇ ಓಡಾಡುತ್ತಿದ್ದ.

ಊಟದ ನಂತರದ ತೂಕಡಿಕೆ ಪೀರಿಯಡ್ಡಿಗೆ ಕುಂಭಕರ್ಣ ಸರಿ. ನಾನು ಮಲಗುತ್ತೇನೆ, ಎಬ್ಬಿಸುವುದು ಅವರ ಕೆಲಸ. ರಾಮಾಯಣದಲ್ಲೇ ಭೇರಿ ಬಾರಿಸುತ್ತಾರೆ, ಕೂದಲು ಜಗ್ಗುತ್ತಾರೆ, ಕಿವಿ ಕಚ್ಚುತ್ತಾರೆ, ಕಿವಿಗೆ ಕೊಡಗಟ್ಟಲೆ ನೀರು ಸುರಿಯುತ್ತಾರೆ, ಮೈಮೇಲೆ ಆನೆಗಳನ್ನು ಓಡಿಸುತ್ತಾರೆ. ನಮ್ಮ ಮಕ್ಕಳು ‘ಹೆಡ್‌ಮಾಸ್ಟ್ರು ಬಂದ್ರು’ ಅನ್ನುವುದನ್ನೂ ಸೇರಿಸಿದ್ದಾರೆ. ಅದಕ್ಕೆ ನಾನು ತಕ್ಷಣ ಏಳುತ್ತೇನೆ.

ಕೊನೆಯ ಕಾಳಗವನ್ನು ಮಾತ್ರ ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ. ಎಳೆದಷ್ಟೂ ಕೇಳುತ್ತಾರೆ, ಆದರೆ ಅಷ್ಟರಲ್ಲಿ ಹಿಂದಿನ ಸಾಲಿನ ಇಬ್ಬರು ಭೀಮ–ಬಕಾಸುರ ಆಗಿ ಒಬ್ಬನ ಅಂಗಿ ಗುಂಡಿ ಕಿತ್ತಿರುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ ಅಲ್ವಾ?