ಇಂಗುಬಾವಿ ತೋಡಿಸುವ ಮೊದಲು ನೆಲದಡಿಯ ಲೈನ್ ಹುಡುಕಿದ್ದು

ಬೆಂಗಳೂರಿನಲ್ಲಿ ಮನೆ ಮುಂದೆ ಮಳೆನೀರು ಇಂಗಿಸುವ ಇಂಗುಬಾವಿ ತೋಡಿಸುತ್ತೇನೆ ಅಂದರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಅಡಿ? ಎಷ್ಟು ಖರ್ಚು? ಆ ಜಾಗದ ಕೆಳಗೆ ಏನೇನು ಹೋಗಿದೆ ಅಂತ ಯಾರೂ ಕೇಳುವುದಿಲ್ಲ. ನಮ್ಮದು 3 ಅಡಿ ಅಗಲ, 20 ಅಡಿ ಆಳದ ಬಾವಿ, ಒಳಗೆ ಸಿಮೆಂಟ್ ರಿಂಗು. ಕಾವೇರಿ ನೀರಿನ ಪೈಪು, ಸ್ಯಾನಿಟರಿ ಲೈನು, ಕರೆಂಟು, ಗ್ಯಾಸು ಎಲ್ಲ ಸಾಮಾನ್ಯವಾಗಿ ಇರುವುದು ಮೇಲಿನ ಮೂರು ನಾಲ್ಕು ಅಡಿಯಲ್ಲೇ. ಅಷ್ಟು ದಾಟಿದರೆ ಹೆಚ್ಚಾಗಿ ಬರೀ ಮಣ್ಣು.

60-40 ಸೈಟು, 2009ರ ಕಾನೂನಿನ ಪ್ರಕಾರ ಇಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ಚಾವಣಿ ನೀರನ್ನು ನೆಲದಡಿಯ ಸಂಪು ತೊಟ್ಟಿಗೆ ಬಿಟ್ಟಿದ್ದೆವು. ಹೆಚ್ಚಾದದ್ದು ಮೋರಿಗೆ ಹೋಗುತ್ತಿತ್ತು, ಅದನ್ನು ಇಂಗಿಸಬೇಕಿತ್ತು. ಆದರೆ ಮನೆ ನಾವು ಕಟ್ಟಿಸಿದ್ದಲ್ಲ, ಕೊಂಡದ್ದು. ಸ್ಯಾಂಕ್ಷನ್ ಪ್ಲಾನಿನಲ್ಲಿ ರೂಮಿದೆ, ಮೆಟ್ಟಿಲಿದೆ, ಪೈಪು ಮಾತ್ರ ಇಲ್ಲ. ಹಳೇ ಮಾಲೀಕರಿಗೆ ಫೋನ್ ಮಾಡಿದರೆ "ಎಲ್ಲಾ ಎಡಗಡೆಯಿಂದ್ಲೇ ಹೋಗಿದೆ ಬಿಡಿ" ಅಂದರು. ಯಾವ ಕಡೆ ಮುಖ ಮಾಡಿ ನಿಂತರೆ ಎಡಗಡೆ ಅಂತ ಕೇಳಿದ್ದಕ್ಕೆ ಅವರಿಗೇ ಗೊಂದಲವಾಯಿತು.

ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಇದನ್ನು ಕೇಳಿ ನಕ್ಕ. ಅಲ್ಲಿ ಬೇಲಿಗೆ ಕಂಬ ನೆಡಬೇಕಾದರೂ 811ಕ್ಕೆ ಫೋನ್ ಮಾಡುತ್ತಾರೆ. ಪುಕ್ಕಟೆ. ಆಯಾ ಕಂಪನಿಯವರು ಬಂದು ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ: ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ, ಕೊಳಚೆ ಲೈನಿಗೆ ಹಸಿರು, ಫೋನು-ಇಂಟರ್ನೆಟ್ಟಿಗೆ ಕಿತ್ತಳೆ. ಆದರೆ ಅಲ್ಲೂ ಮೀಟರಿನಿಂದ ಈಚೆಗೆ ನೀವೇ ಹಾಕಿಸಿಕೊಂಡ ಲೈನನ್ನು ಸಾಮಾನ್ಯವಾಗಿ ಅವರು ಗುರುತು ಮಾಡುವುದಿಲ್ಲವಂತೆ. ನಮ್ಮಲ್ಲಿ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಂತು. ಅಗೆಯುವವರನ್ನೂ ಕೆಳಗೆ ಕೇಬಲ್, ಪೈಪು ಇಟ್ಟಿರುವವರನ್ನೂ ಸಂಪರ್ಕಕ್ಕೆ ತರಲಿಕ್ಕೆ. ರಸ್ತೆ ಅಗೆಯುವವರಿಗೆ ಒಳ್ಳೆಯದೇ. ನನ್ನ ಗುಂಡಿ ಕಾಂಪೌಂಡಿನ ಒಳಗೆ. ಇಲ್ಲಿನ ಮುಕ್ಕಾಲುಪಾಲು ಲೈನು ಮನೆಯವರೇ ಹಾಕಿಸಿದ್ದು, ಯಾರ ನಕ್ಷೆಯಲ್ಲೂ ಇರುವುದಿಲ್ಲ. ಹಾಗಾಗಿ ನಾನೇ ಹುಡುಕಲು ಹೊರಟೆ. ಹುಡುಕುವ ರೀತಿ ಸರಳ. ಪ್ರತಿ ಲೈನಿಗೂ ಕಣ್ಣಿಗೆ ಕಾಣುವ ಎರಡು ತುದಿ ಇರುತ್ತವೆ. ಅವನ್ನು ಹಿಡಿದುಕೊಂಡು ನಡುವಿನದನ್ನು ಪತ್ತೆ ಮಾಡಬೇಕು.

ಸ್ಯಾನಿಟರಿ ಲೈನು ಎಲ್ಲಕ್ಕಿಂತ ಸುಲಭ. ಚೇಂಬರ್ ಮುಚ್ಚಳ ಎತ್ತಿಸಿದೆ. ಕಟ್ಟಿಕೊಂಡಾಗ ಕೋಲು ಹಾಕಿ ತಳ್ಳಬೇಕಲ್ವಾ, ಅದಕ್ಕೇ ಒಂದು ಚೇಂಬರಿನಿಂದ ಇನ್ನೊಂದಕ್ಕೆ ಪೈಪು ನೇರವಾಗಿ ಹಾಕಿರುತ್ತಾರೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಬೆರೆಸಿ ಹಿಂದಿನ ಬಚ್ಚಲಿಗೆ ಸುರಿದೆ. ಯಾವ ಚೇಂಬರಿನಲ್ಲಿ ನೀಲಿ ಬಂತು ಅಂತ ಹೆಂಡತಿ ನೋಡಿ ಕೂಗಿದಳು. ಆಮೇಲೆ ಕೋಲು ಇಳಿಸಿ ಆಳ ಅಳೆದೆವು. ಅಡುಗೆಮನೆ ಪಕ್ಕದ್ದು 2 ಅಡಿ, ಗೇಟಿನ ಹತ್ತಿರದ್ದು 3 ಅಡಿ. ಅಂದರೆ ನಡುವೆ ಎಲ್ಲೇ ಆದರೂ ಪೈಪು ಎರಡು ಮೂರು ಅಡಿ ಕೆಳಗಿದೆ. ಈ ಲೈನು ಎಲ್ಲಿದೆ ಅಂತ ತಿಳಿಯುವುದು ಇನ್ನೊಂದು ಕಾರಣಕ್ಕೂ ಮುಖ್ಯ. ಹಳೇ ಸ್ಟೋನ್‌ವೇರ್ ಪೈಪಿನ ಜಾಯಿಂಟು ಸೋರಿದರೆ ಆ ಕೊಳಚೆ ಹತ್ತಿರದ ಇಂಗುಬಾವಿಗೆ ಇಳಿಯಬಹುದು.

ನೀರಿನ ಪೈಪು ಹುಡುಕಲು ಕಾವೇರಿ ಬಿಡುವ ದಿನದವರೆಗೆ ಕಾಯಬೇಕಾಯಿತು. ಪ್ಲಂಬರ್ ಮೀಟರಿನ ಪಕ್ಕದ ವಾಲ್ವನ್ನು ಅರ್ಧ ತಿರುಗಿಸಿದ. ಹಿಸ್ ಅನ್ನುವ ಸದ್ದು ಶುರುವಾಯಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನೆಲಕ್ಕೆ ಊರಿ, ಹಿಡಿಗೆ ಕಿವಿ ಇಟ್ಟು, ಗೇಣು ಗೇಣು ಸರಿಯುತ್ತಾ ಹೋದ. ನಾಲ್ಕೈದು ಅಡಿ ದೂರದವರೆಗೆ ಕೇಳಿಸಿತು, ಆಮೇಲೆ ಇಲ್ಲ. ದಿಕ್ಕು ಗೊತ್ತಾಗಲು ಅಷ್ಟು ಸಾಕಿತ್ತು.

ಗ್ಯಾಸಿನ ವಿಷಯದಲ್ಲಿ ನಮ್ಮ ಬುದ್ಧಿ ಓಡಿಸಲಿಲ್ಲ. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಮನೆ ಮುಂದೆ ಅಗೆಯುತ್ತಿದ್ದೇವೆ ಅಂದೆ. ಒಬ್ಬ ಹುಡುಗ ಡ್ರಾಯಿಂಗ್ ಹಿಡಿದು ಬಂದ. ಕಾಂಪೌಂಡಿನ ಮೂಲೆಯಿಂದ ಟೇಪು ಹಿಡಿದು ಅಳೆದು ತೋರಿಸಿದ. "ಪೈಪಿಗಿಂತ ಸ್ವಲ್ಪ ಮೇಲೆ ಎಚ್ಚರಿಕೆ ಪಟ್ಟಿ ಇರುತ್ತೆ ಸಾರ್. ಅದು ಸಿಕ್ಕಿದ ತಕ್ಷಣ ಕೈ ನಿಲ್ಲಿಸಿ, ನಮ್ಗೆ ಫೋನ್ ಮಾಡಿ" ಅಂದ. ಅವನು ತೋರಿಸಿದ ಕಡೆ ಹೋಗುವುದೇ ಬೇಡ ಅಂತ ಬಾವಿಯ ಜಾಗವನ್ನೇ ಆಚೆ ಸರಿಸಿದೆವು.

ಇನ್ನು ಕರೆಂಟು. ರಸ್ತೆಯಿಂದ ಮೀಟರ್ ಬೋರ್ಡಿಗೆ ಬರುವ ದಪ್ಪ ಕೇಬಲ್ಲಿಗೆ ಎಲ್ಲರೂ ಹೆದರುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು ಗೇಟಿನ ದೀಪದ ವೈರು, ಬೋರ್‌ವೆಲ್ ಮೋಟಾರಿನ ವೈರು. ದಪ್ಪ ಕೇಬಲ್ಲನ್ನು ನಿಯಮದ ಪ್ರಕಾರ ಹಾಕಿದ್ದರೆ ಮುಕ್ಕಾಲು ಮೀಟರ್ ಕೆಳಗಿರುತ್ತದೆ, ಮೇಲೆ ಮರಳು, ಇಟ್ಟಿಗೆ ಇರುತ್ತದೆ. ಮನೆಯವರು ಹಾಕಿಸಿದ ವೈರು ಅರ್ಧ ಅಡಿ ಕೆಳಗೆ ಒಂದು ತೆಳು ಪಿವಿಸಿ ಪೈಪಿನಲ್ಲಿ ಮಲಗಿರುತ್ತದೆ. ಎಲೆಕ್ಟ್ರಿಷಿಯನ್ ವೈರ್ ಟ್ರ್ಯಾಕರ್ ತಂದಿದ್ದ. ಮೇನ್ ಆಫ್ ಮಾಡಿ, ವೈರಿನ ಎರಡೂ ತುದಿ ಬಿಚ್ಚಿ, ಟೆಸ್ಟರ್ ಹಿಡಿದು ನೋಡಿ, ಒಂದು ತುದಿಗೆ ಟ್ರ್ಯಾಕರಿನ ಸಿಗ್ನಲ್ ಕಳಿಸುವ ಪೆಟ್ಟಿಗೆಯನ್ನು ಸಿಕ್ಕಿಸಿದ. ಕೈಯಲ್ಲಿರುವ ಕಡ್ಡಿಯನ್ನು ನೆಲದ ಮೇಲೆ ಆಡಿಸಿದರೆ ವೈರು ಇರುವ ಕಡೆ ಕುಂಯ್ ಅನ್ನುತ್ತದೆ. ಲೋಹ ಇಲ್ಲದ ಬರೀ ಪಿವಿಸಿ ಪೈಪಿಗೆ ಇದು ಕೂಗುವುದಿಲ್ಲ. ಪೈಪಿನೊಳಗೆ ಉಕ್ಕಿನ ತಂತಿ ತೂರಿಸಿ ಅದಕ್ಕೆ ಸಿಕ್ಕಿಸಬೇಕು.

ವಿಚಿತ್ರ ಅಂದರೆ ಗೇಟಿನ ದೀಪದ ವೈರು ನೇರ ಬರುವುದು ಬಿಟ್ಟು ಅಂಗಳದ ನಡುವೆ ದೊಡ್ಡದಾಗಿ ಬಳಸಿಕೊಂಡು ಹೋಗಿತ್ತು. ಯಂತ್ರ ಕೆಟ್ಟಿದೆ ಅಂದುಕೊಂಡೆವು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದವರು, "ಅಲ್ಲಿ ತೆಂಗಿನಮರ ಇತ್ತಲ್ಲಪ್ಪ" ಅಂದರು. ಮರ ಹೋಗಿ ಎಷ್ಟೋ ವರ್ಷವಾಗಿದೆ, ವೈರು ಮಾತ್ರ ಅದನ್ನು ಇನ್ನೂ ಸುತ್ತುತ್ತಿದೆ! ಆ ಮೂಲೆಯಲ್ಲೇ ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗ್ ಗುಂಡಿಯೂ ಇತ್ತು. ಅದರಿಂದ ಬರುವ ಪಟ್ಟಿಯನ್ನೂ ಗುರುತು ಹಾಕಿಸಿದೆ. ಅದು ತುಂಡಾದರೆ ಏನೂ ಕೆಟ್ಟಂತೆ ಕಾಣುವುದಿಲ್ಲ, ಮನೆಯ ದೀಪ ಉರಿಯುತ್ತಲೇ ಇರುತ್ತದೆ. ಅದೇ ಅದರ ಅಪಾಯ.

ಗುರುತಿಗೆ ಬಳಸಿದ್ದು ರಂಗೋಲಿ ಪುಡಿ. ಅಕ್ಕನ ಮಗ ಹೇಳಿದ ಬಣ್ಣಗಳನ್ನೇ ಹಾಕಿದೆ. ಹಾಲಿನವನು "ಏನ್ ಸಾರ್, ಯಾವ ಹಬ್ಬ?" ಅಂದ. ಮಳೆ ಬಂದರೆ ಪುಡಿ ಹೋಗುತ್ತದೆ, ಅದಕ್ಕೆ ಕಾಂಪೌಂಡ್ ಗೋಡೆಯಿಂದ ಅಳತೆ ಹಿಡಿದು ಒಂದು ಹಾಳೆಯಲ್ಲೂ ಬರೆದಿಟ್ಟೆ.

ಇಷ್ಟಾದರೂ ನೇರ ಬಾವಿಗೆ ಕೈ ಹಾಕಿಸಲಿಲ್ಲ. ಬಾವಿ ತೋಡುವ ಯಜಮಾನರಿಗೆ ಮೊದಲು ಒಂದು ಸಣ್ಣ ಕಾಲುವೆ ಅಗೆಯಲು ಹೇಳಿದೆ. ಗುಂಡಿಯಲ್ಲ, ಕಾಲುವೆ. ಲೈನು ಹೋಗಿರಬಹುದಾದ ದಿಕ್ಕಿಗೆ ಅಡ್ಡಲಾಗಿ ಅಗೆದರೆ ಅದು ಅತ್ತಿತ್ತ ಸರಿದಿದ್ದರೂ ಸಿಕ್ಕೇ ಸಿಗುತ್ತದೆ. ಗುರುತಿನಿಂದ ಎರಡೂ ಕಡೆ 2 ಅಡಿಯೊಳಗೆ ಹಾರೆ, ಪಿಕಾಸಿ ಬೇಡ, ಸಲಿಕೆಯಲ್ಲಿ ಕೆರೆದು ತೆಗೆಯಿರಿ ಅಂದೆ. ಜೆಸಿಬಿ ಮಾತೇ ಇಲ್ಲ. ಯಜಮಾನರಿಗೆ ಮಣ್ಣು ನೋಡಿದರೆ ಸಾಕು. ಮೊದಲು ಬಂದದ್ದು ಗಟ್ಟಿ ಕೆಮ್ಮಣ್ಣು, ಸಲಿಕೆ ಕರಕರ ಅನ್ನುತ್ತಿತ್ತು. ಒಂದು ಕಡೆ ಸದ್ದು ಮೆತ್ತಗಾಯಿತು. ಇಟ್ಟಿಗೆ ಚೂರು, ಗುಟ್ಕಾ ಚೀಟಿ, ಸ್ವಲ್ಪ ಮರಳು ಬಂತು. "ಸಾರ್, ಇದು ಅಗೆದು ಮುಚ್ಚಿದ ಮಣ್ಣು. ಕೆಳಗೆ ಏನೋ ಐತೆ" ಅಂದರು. ಕೈಯಲ್ಲಿ ಕೆದಕಿದರೆ ಒಂದು ಹಳೇ ಜಿಐ ಪೈಪು. ನಮ್ಮ ಯಾವ ಬಣ್ಣದ ಗೆರೆಯೂ ಅಲ್ಲಿರಲಿಲ್ಲ.

ಪ್ಲಂಬರ್ "ಡೆಡ್ ಲೈನು, ಕೊಯ್ದುಬಿಡೋಣ" ಅಂದ. ಎರಡೂ ತುದಿ ಸಿಗುವ ತನಕ ಬೇಡ ಅಂದೆ. ಒಂದು ತುದಿ ಸಂಪಿನ ಗೋಡೆಯ ಹತ್ತಿರ ಪ್ಲಗ್ ಹಾಕಿ ನಿಂತಿತ್ತು. ಇನ್ನೊಂದು ಗೇಟಿನಾಚೆ ರಸ್ತೆ ಕಡೆಗೆ ಹೋಗಿತ್ತು. ಅಂದರೆ ಆ ಕಡೆ ನೀರಿದೆಯೋ ಇಲ್ಲವೋ ಹೇಳುವಂತಿಲ್ಲ. ಕೊಯ್ದು ಪರೀಕ್ಷೆ ಮಾಡುವುದಕ್ಕಿಂತ ಬಾವಿಯನ್ನು ಇನ್ನೊಂದಿಷ್ಟು ಸರಿಸುವುದೇ ಅಗ್ಗ. ದಾಸವಾಳದ ಗಿಡ ಕಿತ್ತು ಆ ಜಾಗ ಕೊಟ್ಟೆವು. ಹೆಂಡತಿಗೆ ಇಷ್ಟವಿರಲಿಲ್ಲ.

ಕಾಲುವೆ ಮುಚ್ಚುವ ಮುಂಚೆ ಪ್ರತಿ ಪೈಪಿನ ಪಕ್ಕ ಟೇಪು ಹಿಡಿದು ಫೋಟೋ ತೆಗೆದೆ. ಗೇಟಿನ ದೀಪಕ್ಕೆ ಹೊಸ ಪೈಪು ಹಾಕಿಸಿ, 2 ಅಡಿ ಕೆಳಗಿಳಿಸಿ, ಮೇಲೆ ಇಟ್ಟಿಗೆ ಸಾಲು ಜೋಡಿಸಿ ಮುಚ್ಚಿಸಿದೆವು. ಅಳತೆ ಬರೆದ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕರೆಂಟಿಗೆ 1912, ನೀರು-ಒಳಚರಂಡಿಗೆ 1916, ಗ್ಯಾಸಿನವರ ನಂಬರು, ಮೂರೂ ಅದರ ಕೆಳಗಿವೆ.