ಎಂಟನೇ ಕ್ಲಾಸಿನ ಆಲ್ಜೀಬ್ರಾ ಕಾಲೇಜು ನೋಡುವ ಜಿಪಿಎಗೆ ಸೇರುತ್ತದೆಯೇ?

ಅಮೆರಿಕದಲ್ಲಿ ಆಗಷ್ಟೇ ಒಂಬತ್ತನೇ ತರಗತಿಗೆ ಕಾಲಿಟ್ಟ ಮಗುವಿನ ಟ್ರಾನ್ಸ್‌ಕ್ರಿಪ್ಟ್, ಅಂದರೆ ಹೈಸ್ಕೂಲಿನ ಎಲ್ಲ ಗ್ರೇಡುಗಳ ದಾಖಲೆ, ತೆರೆದು ನೋಡಿ. ಹೈಸ್ಕೂಲಿನ ಒಂದು ಪರೀಕ್ಷೆಯನ್ನೂ ಬರೆದಿರುವುದಿಲ್ಲ. ಆದರೂ ಎಷ್ಟೋ ಶಾಲೆಗಳಲ್ಲಿ ಅದರ ತಲೆಭಾಗದಲ್ಲಿ ಎರಡು ಸಾಲು ಆಗಲೇ ಕೂತಿರುತ್ತವೆ: ‘ಆಲ್ಜೀಬ್ರಾ 1, ತರಗತಿ 08, ಬಿ, ಕ್ರೆಡಿಟ್ 1.0’, ಅದರ ಕೆಳಗೆ ‘ಸ್ಪ್ಯಾನಿಶ್ 1, ತರಗತಿ 08, ಎ, ಕ್ರೆಡಿಟ್ 1.0’. ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ, ಅಂದರೆ ಆರರಿಂದ ಎಂಟನೇ ತರಗತಿಯೊಳಗೆ, ಓದಿ ಮುಗಿಸಿದ ಹೈಸ್ಕೂಲ್ ಮಟ್ಟದ ವಿಷಯಗಳಿವು. ವರ್ಷವಿಡೀ ಒಂದು ವಿಷಯ ಓದಿದರೆ ಒಂದು ಕ್ರೆಡಿಟ್. ಆ ‘ಬಿ’ ಕಾಲೇಜಿನ ಬಾಗಿಲವರೆಗೂ ಹಿಂಬಾಲಿಸುತ್ತದೆಯೇ ಎಂಬುದು ಪಾಲಕರ ಚಿಂತೆ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಲೆಕ್ಕದಲ್ಲಿ ಬೆಳೆದವರಿಗೆ ಈ ಚಿಂತೆಯೇ ಹೊಸದು. ನಮ್ಮಲ್ಲಿ ಬೋರ್ಡ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಎಂಟನೇ ತರಗತಿಯ ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಕೊನೆಯ ಒಂದು ಪರೀಕ್ಷೆ ಎಂಬುದಿಲ್ಲ. ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಗ್ರೇಡುಗಳು ಸೇರುತ್ತಾ ಹೋಗಿ ಸರಾಸರಿ ಆಗುತ್ತದೆ; ಅದೇ ಜಿಪಿಎ. ಎಣಿಕೆ ಎಲ್ಲಿಂದ ಶುರು ಎನ್ನುವುದಕ್ಕೆ ಇಡೀ ದೇಶಕ್ಕೆ ಒಂದೇ ಉತ್ತರವಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡಬಹುದು. ಆರು, ಏಳು, ಎಂಟನೇ ತರಗತಿಯ ಸಾಮಾನ್ಯ ವಿಜ್ಞಾನ, ಸಮಾಜ, ಇಂಗ್ಲಿಷ್, ಆಟೋಟದ ಗ್ರೇಡುಗಳನ್ನು ಕಾಲೇಜುಗಳು ನೋಡುವುದಿಲ್ಲ. ತಲೆಬಿಸಿ ಇರುವುದು ಹೈಸ್ಕೂಲ್ ಕ್ರೆಡಿಟ್ ಕೊಡುವ ವಿಷಯಗಳದ್ದು ಮಾತ್ರ. ಅವು ಸಾಮಾನ್ಯವಾಗಿ ಆಲ್ಜೀಬ್ರಾ 1, ಜ್ಯಾಮಿಟ್ರಿ, ಒಂದು ವಿದೇಶಿ ಭಾಷೆ.

ಮೂರು ಪ್ರಶ್ನೆ, ಬೇರೆ ಬೇರೆಯಾಗಿ

‘ಇದು ಲೆಕ್ಕಕ್ಕೆ ಬರುತ್ತದಾ?’ ಎಂದು ಕೌನ್ಸೆಲರ್ ಹತ್ತಿರ ಕೇಳಿದರೆ ‘ಬರುತ್ತದೆ’ ಎಂಬ ಉತ್ತರ ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಹೀಗೆ. ಹೈಸ್ಕೂಲ್ ಮುಗಿಸಲು ಬೇಕಾದ ಕ್ರೆಡಿಟ್‌ಗೆ ಇದು ಸೇರುತ್ತದೆಯೇ? ಕಾಲೇಜು ಕೇಳುವ ‘ಇಷ್ಟು ವರ್ಷ ಗಣಿತ, ಇಷ್ಟು ವರ್ಷ ಭಾಷೆ’ ಎಂಬ ಶರತ್ತನ್ನು ಇದು ತುಂಬುತ್ತದೆಯೇ? ಇದರ ಗ್ರೇಡು ಜಿಪಿಎ ಸರಾಸರಿಗೆ ಬೀಳುತ್ತದೆಯೇ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯನ್ನೇ ನೋಡಿ: ಎಂಟನೇಯಲ್ಲಿ ಆಲ್ಜೀಬ್ರಾ ಮುಗಿಸಿದ ಮಾತ್ರಕ್ಕೆ ಹೈಸ್ಕೂಲಿನಲ್ಲಿ ಎರಡು ವರ್ಷ ಗಣಿತ ಓದಬೇಕೆಂಬ ರಾಜ್ಯದ ನಿಯಮದಿಂದ ವಿನಾಯಿತಿ ಸಿಗುವುದಿಲ್ಲ. ಅದೇ ಆಲ್ಜೀಬ್ರಾವನ್ನು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, ತನ್ನ ಗಣಿತದ ಶರತ್ತಿಗೆ ಒಪ್ಪಿಕೊಳ್ಳುತ್ತದೆ. ಜಿಪಿಎಗೆ ಮಾತ್ರ ಸೇರಿಸುವುದಿಲ್ಲ.

ಕೈಲೆಕ್ಕದಿಂದ ಪತ್ತೆ ಮಾಡುವುದು

ಒಂಬತ್ತನೇ ತರಗತಿಯ ಮೊದಲ ಸೆಮಿಸ್ಟರ್ ಮುಗಿದ ಕೂಡಲೇ ಶಾಲೆಯ ಪೋರ್ಟಲ್‌ನಿಂದ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳಿ. ರಿಪೋರ್ಟ್ ಕಾರ್ಡ್ ಸಾಲದು, ಟ್ರಾನ್ಸ್‌ಕ್ರಿಪ್ಟೇ ಬೇಕು. ಎಂಟನೇ ತರಗತಿಯ ಸಾಲುಗಳ ಪಕ್ಕ ನಕ್ಷತ್ರದ ಗುರುತೋ ಜಿಪಿಎಗೆ ಸೇರಿಲ್ಲವೆಂಬ ಟಿಪ್ಪಣಿಯೋ ಇದೆಯೇ ನೋಡಿ. ಇಲ್ಲದಿದ್ದರೆ ಕಾಗದ, ಪೆನ್ನು ತೆಗೆದುಕೊಳ್ಳಿ. ಎ ಅಂದರೆ 4, ಬಿ 3, ಸಿ 2, ಡಿ 1.

ಮಗು ಸೆಮಿಸ್ಟರಿನಲ್ಲಿ ಆರು ವಿಷಯ ಓದಿ ಐದು ಎ, ಒಂದು ಬಿ ತಂದಿದೆ ಎನ್ನಿ. ಒಂದೊಂದಕ್ಕೆ ಅರ್ಧ ಕ್ರೆಡಿಟ್. ಒಟ್ಟು 3 ಕ್ರೆಡಿಟ್, 11.5 ಪಾಯಿಂಟ್. ಭಾಗಿಸಿದರೆ 3.83. ಎಂಟನೇಯ ಬಿ ಮತ್ತು ಎ ಸೇರಿಸಿದರೆ 5 ಕ್ರೆಡಿಟ್, 18.5 ಪಾಯಿಂಟ್, ಅಂದರೆ 3.70. ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಚ್ಚಾಗಿರುವುದು 3.83 ಆದರೆ ಮಿಡ್ಲ್ ಸ್ಕೂಲ್ ಸೇರಿಲ್ಲ; 3.70 ಆದರೆ ಸೇರಿದೆ. ಕೌನ್ಸೆಲರ್ ಇಮೇಲಿಗೆ ಕಾಯುವುದಕ್ಕಿಂತ ಇದು ಬೇಗ. ಕ್ಯಾಲಿಫೋರ್ನಿಯಾದಲ್ಲಿ ಸೆಮಿಸ್ಟರಿಗೆ 5 ಕ್ರೆಡಿಟ್ ಬರೆಯುವ ರೂಢಿ ಇದೆ; ಅಂಕಿ ದೊಡ್ಡದಾದರೂ ಸರಾಸರಿ ಅದೇ. ಈ ಪರೀಕ್ಷೆಯನ್ನು ಮೊದಲ ಸೆಮಿಸ್ಟರಿನಲ್ಲೇ ಮಾಡಬೇಕು. ಹನ್ನೊಂದನೇ ತರಗತಿಯ ಹೊತ್ತಿಗೆ ಸಾಲುಗಳು ಹೆಚ್ಚಾಗಿ, ವ್ಯತ್ಯಾಸ ಸಣ್ಣದಾಗಿ, ಕಣ್ಣಿಗೆ ಬೀಳುವುದಿಲ್ಲ.

ಸೇರಿದ್ದರೆ ಲಾಭವೋ ನಷ್ಟವೋ? ಅರ್ಜಿ ಹಾಕುವ ಹೊತ್ತಿಗೆ 18 ಕ್ರೆಡಿಟ್‌ನಲ್ಲಿ 15 ಎ, 3 ಬಿ ಇದ್ದರೆ 69 ಪಾಯಿಂಟ್, ಸರಾಸರಿ 3.83. ಇದಕ್ಕೆ ಎಂಟನೇಯ ಎರಡು ಎ ಸೇರಿದರೆ 77 ಭಾಗಿಸು 20, ಅಂದರೆ 3.85. ಒಂದು ಬಿ, ಒಂದು ಸಿ ಸೇರಿದರೆ 74 ಭಾಗಿಸು 20, ಅಂದರೆ 3.70. ಏರಿದ್ದು 0.02, ಇಳಿದದ್ದು 0.13. ಮೇಲೆ 4.0 ಎಂಬ ಚಾವಣಿ ಇರುವುದರಿಂದ ಹೀಗಾಗುತ್ತದೆ.

ಇನ್ನೊಂದು ಎಡವಟ್ಟು ವೆಯ್ಟೆಡ್ ಜಿಪಿಎಯಲ್ಲಿದೆ. ಎಪಿ (ಕಾಲೇಜು ಮಟ್ಟದ ಪಾಠ), ಆನರ್ಸ್ (ಸಾಮಾನ್ಯಕ್ಕಿಂತ ಕಠಿಣ ಪಾಠ) ವಿಷಯಗಳಿಗೆ ಹೆಚ್ಚುವರಿ ಪಾಯಿಂಟ್ ಕೊಟ್ಟು ಲೆಕ್ಕ ಹಾಕುವ ಪದ್ಧತಿ ಇದು. 18 ಕ್ರೆಡಿಟ್‌ನಲ್ಲಿ 4.40 ಇರುವ ಮಗುವಿಗೆ ಎಂಟನೇ ತರಗತಿಯ ಎರಡು ‘ಎ’ಗಳು, ಅವಕ್ಕೆ ಹೆಚ್ಚುವರಿ ಪಾಯಿಂಟ್ ಇಲ್ಲದ್ದರಿಂದ, ತಲಾ 4.0 ಆಗಿ ಸೇರಿ ಸರಾಸರಿಯನ್ನು 4.36ಕ್ಕೆ ಎಳೆಯುತ್ತವೆ. ತಪ್ಪೇ ಮಾಡದ ಮಗು ಕೆಳಗಿಳಿಯಿತು! ಟೆಕ್ಸಾಸಿನಂತಹ ಕಡೆ ಇದು ಬರೀ ಅಂಕಿಯ ಮಾತಲ್ಲ. ಅಲ್ಲಿ ತರಗತಿಯ ಮೇಲಿನ ಶೇ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾನೂನಿನ ಪ್ರಕಾರ ಸೀಟು ಖಾತ್ರಿ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 2026ರ ಪ್ರವೇಶದಿಂದ ಅದು ಶೇ 5ಕ್ಕೆ ಇಳಿದಿದೆ. ರ್‍ಯಾಂಕಿಗೆ ಯಾವ ವಿಷಯ ಸೇರಬೇಕು ಎಂದು ತೀರ್ಮಾನಿಸುವುದು ಆಯಾ ಡಿಸ್ಟ್ರಿಕ್ಟ್, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ. ಆದ್ದರಿಂದ ಫ್ರಿಸ್ಕೊದಲ್ಲಿರುವ ಗೆಳೆಯರ ಮಾತು ಪಕ್ಕದ ಊರು ಪ್ಲೇನೊದಲ್ಲಿ ನಡೆಯುತ್ತದೆಂದು ನಂಬಬೇಡಿ. ನಿಮ್ಮ ಡಿಸ್ಟ್ರಿಕ್ಟಿನ ಕೋರ್ಸ್ ಕೈಪಿಡಿಯಲ್ಲಿ ರ್‍ಯಾಂಕ್ ಕುರಿತ ಭಾಗ ಓದಿ.

ಗ್ರೇಡು ಕೆಟ್ಟಿದ್ದರೆ ದಾರಿ ಇದೆಯೇ?

ವರ್ಜೀನಿಯಾದಲ್ಲಿ ಇದೆ. ಮಿಡ್ಲ್ ಸ್ಕೂಲಿನಲ್ಲಿ ಓದಿದ ಹೈಸ್ಕೂಲ್ ಕ್ರೆಡಿಟ್ ವಿಷಯದ ಗ್ರೇಡನ್ನು ಟ್ರಾನ್ಸ್‌ಕ್ರಿಪ್ಟಿನಿಂದ ತೆಗೆಯಿರಿ ಎಂದು ಪಾಲಕರು ಬರೆದುಕೊಡಬಹುದು. ಕೊನೆಯ ದಿನಾಂಕ ಮತ್ತು ಫಾರ್ಮ್ ಯಾವುದೆಂದು ಶಾಲೆಯೇ ಪಾಲಕರಿಗೆ ತಿಳಿಸಬೇಕು. ಗ್ರೇಡಿನ ಜೊತೆಗೆ ಕ್ರೆಡಿಟ್ಟೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಸ್ಪ್ಯಾನಿಶ್ 1 ತೆಗೆಸಿದ ಮೇಲೆ ಮೂರು ವರ್ಷದ ಭಾಷೆ ಎರಡಕ್ಕೆ ಇಳಿದು ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರವಾದ ಡಿಪ್ಲೊಮಾದ ಶರತ್ತಿಗೆ ಕಡಿಮೆಬಿದ್ದರೆ ಹನ್ನೆರಡನೇ ತರಗತಿಯಲ್ಲಿ ಪರದಾಡಬೇಕು.

ಫ್ಲಾರಿಡಾದಲ್ಲಿ ತೆಗೆಸುವ ಬದಲು ಬದಲಿಸುವ ಅವಕಾಶ. ಹೈಸ್ಕೂಲಿನಲ್ಲಿ ಡಿ ಅಥವಾ ಎಫ್ (ನಪಾಸು) ಬಂದರೆ ಮಾತ್ರ ಮತ್ತೆ ಓದಿ ಗ್ರೇಡು ಬದಲಿಸಿಕೊಳ್ಳಬಹುದು. ಮಿಡ್ಲ್ ಸ್ಕೂಲಿನಲ್ಲಿ ಓದಿದ ವಿಷಯಕ್ಕಾದರೆ ಸಿ ಬಂದಿದ್ದರೂ ಈ ಅನುಕೂಲವಿದೆ. ಅಲ್ಲಿ ಆಲ್ಜೀಬ್ರಾ 1ರ ವರ್ಷಾಂತ್ಯದ ರಾಜ್ಯ ಪರೀಕ್ಷೆಗೆ ಅಂತಿಮ ಗ್ರೇಡಿನ ಶೇ 30 ತೂಕ. ವರ್ಷವಿಡೀ ಬಿ ಇದ್ದ ಮಗು ಈ ಪರೀಕ್ಷೆಯಿಂದಾಗಿ ಸಿಗೆ ಜಾರಬಹುದು.

ಯುಸಿ ಹೇಗೆ ಎಣಿಸುತ್ತದೆ

ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮೊದಲಾದ ಯುಸಿ ಕ್ಯಾಂಪಸ್‌ಗಳಿಗೆ ಶಾಲೆ ಅಚ್ಚುಹಾಕಿದ ಜಿಪಿಎ ಬೇಡ. ಅವು ತಮ್ಮದೇ ಲೆಕ್ಕ ಹಾಕುತ್ತವೆ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗೆ ಓದಿದ ‘ಎ–ಜಿ’ ಪಟ್ಟಿಯ, ಅಂದರೆ ಪ್ರವೇಶಕ್ಕೆ ಯುಸಿ ಕಡ್ಡಾಯ ಮಾಡಿದ ಏಳು ಗುಂಪುಗಳ, ವಿಷಯಗಳು ಮಾತ್ರ ಅದರಲ್ಲಿ ಬರುತ್ತವೆ. ಎಂಟನೇಯಷ್ಟೇ ಅಲ್ಲ, ಒಂಬತ್ತನೇಯ ಗ್ರೇಡೂ ಸರಾಸರಿಗಿಲ್ಲ. ಪ್ಲಸ್, ಮೈನಸ್ ಇಲ್ಲ. ಎ ಮೈನಸ್ ಕೂಡ 4. ಅರ್ಹ ಆನರ್ಸ್, ಎಪಿ ವಿಷಯದಲ್ಲಿ ಸಿ ಅಥವಾ ಮೇಲಿನ ಗ್ರೇಡು ಬಂದರೆ ಸೆಮಿಸ್ಟರಿಗೆ ಒಂದು ಹೆಚ್ಚುವರಿ ಪಾಯಿಂಟ್, ಗರಿಷ್ಠ 8 ಸೆಮಿಸ್ಟರಿಗೆ. ಅದರಲ್ಲಿ ಹತ್ತನೇಯ ಪಾಲು 4 ಮೀರಬಾರದು.

ಎರಡು ವರ್ಷದಲ್ಲಿ 20 ಸೆಮಿಸ್ಟರ್ ಗ್ರೇಡು, 14 ಎ, 5 ಬಿ, 1 ಸಿ ಇದ್ದರೆ 73 ಪಾಯಿಂಟ್. ಹತ್ತನೇಯಲ್ಲಿ ಒಂದು, ಹನ್ನೊಂದನೇಯಲ್ಲಿ ನಾಲ್ಕು ಎಪಿ ಓದಿದ್ದರೆ 10 ಸೆಮಿಸ್ಟರ್ ಆಯಿತು. ಸಿಗುವುದು 8 ಮಾತ್ರ. 81 ಭಾಗಿಸು 20, ಅಂದರೆ 4.05. ಅರ್ಜಿ ಹಾಕಲು ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಕನಿಷ್ಠ 3.0, ಹೊರಗಿನವರಿಗೆ 3.4.

ಹಾಗಾದರೆ ಎಂಟನೇಯ ಆಲ್ಜೀಬ್ರಾದಿಂದ ಏನು ಉಪಯೋಗ? ಯುಸಿ ಕೇಳುವ 15 ವರ್ಷ-ವಿಷಯಗಳಲ್ಲಿ (ಒಂದು ವಿಷಯವನ್ನು ಒಂದು ವರ್ಷ ಓದಿದರೆ ಒಂದು) ಗಣಿತ ಮೂರು, ಭಾಷೆ ಎರಡು. ಏಳು, ಎಂಟರಲ್ಲಿ ಸಿ ಅಥವಾ ಮೇಲಿನ ಗ್ರೇಡಿನಲ್ಲಿ ಮುಗಿಸಿದ ಆಲ್ಜೀಬ್ರಾ, ಜ್ಯಾಮಿಟ್ರಿ, ಭಾಷೆ ಇದಕ್ಕೆ ಸಲ್ಲುತ್ತವೆ. ಡಿ ಬಂದಿದ್ದರೂ ಮುಂದೆ ಆಲ್ಜೀಬ್ರಾ 2ರಲ್ಲಿ ಸಿ ತಂದರೆ ಹಿಂದಿನ ಕೊರತೆ ಮುಚ್ಚಿಹೋಗುತ್ತದೆ. ಜ್ಯಾಮಿಟ್ರಿಯನ್ನು ಓದದೇ ಹಾರಿದ್ದರೆ ಮಾತ್ರ ಕ್ಯಾಲ್ಕುಲಸ್ ಮಾಡಿದರೂ ಅದು ತುಂಬಿಕೊಳ್ಳುವುದಿಲ್ಲ.

ಇಲ್ಲಿ ಪಾಲಕರು ಗಮನಿಸದ ಒಂದು ಸೂಕ್ಷ್ಮವಿದೆ. ಎಂಟರಲ್ಲಿ ಆಲ್ಜೀಬ್ರಾ 1 ಆದರೆ ಒಂಬತ್ತರಲ್ಲಿ ಜ್ಯಾಮಿಟ್ರಿ, ಹತ್ತರಲ್ಲಿ ಆಲ್ಜೀಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್. ಯುಸಿ ಎಣಿಸುವ ಎರಡೇ ವರ್ಷಗಳಲ್ಲಿ ಕಠಿಣವಾದ ಎರಡು ಗಣಿತಗಳು ಬಂದು ಕೂರುತ್ತವೆ. ಎಂಟನೇಯ ಸಿ ಗ್ರೇಡನ್ನು ಯುಸಿ ಸರಾಸರಿಗೆ ಹಿಡಿಯದಿರಬಹುದು. ಆದರೆ ಭಿನ್ನರಾಶಿ, ಅಪವರ್ತನ ಗಟ್ಟಿಯಾಗದ ಮಗು ಹತ್ತನೇಯಲ್ಲಿ ಅದೇ ಸಿ ತರುತ್ತದೆ. ಅದು ಎಣಿಕೆಗೆ ಬರುತ್ತದೆ. ಪಕ್ಕದ ಮನೆಯ ಮಗು ಏಳನೇಯಲ್ಲೇ ಆಲ್ಜೀಬ್ರಾ ತೆಗೆದುಕೊಂಡಿತೆಂದು ನಿಮ್ಮದನ್ನೂ ನೂಕುವುದು ನನ್ನ ಲೆಕ್ಕದಲ್ಲಿ ದಡ್ಡತನ. ಸಿ ಬಂದರೆ ಒಂಬತ್ತರಲ್ಲಿ ಆಲ್ಜೀಬ್ರಾ 1 ಮತ್ತೆ ಓದಿಸಿ. ಕ್ಯಾಲ್ಕುಲಸ್ ಇಲ್ಲದೆಯೂ ಯುಸಿ ಗಣಿತದ ಶರತ್ತು ಪೂರ್ತಿಯಾಗುತ್ತದೆ.

ಫಾರ್ಮ್ ತುಂಬುವಾಗ

ಯುಸಿ ಅರ್ಜಿಯಲ್ಲಿ ಏಳು, ಎಂಟನೇ ತರಗತಿಗೆಂದೇ ಒಂದು ವಿಭಾಗವಿದೆ. ಗಣಿತ, ಭಾಷೆಯ ಹೈಸ್ಕೂಲ್ ಮಟ್ಟದ ವಿಷಯಗಳನ್ನು ಅಲ್ಲಿ ಮಾತ್ರ ನಮೂದಿಸಿ. ಒಂಬತ್ತನೇಯ ಜಾಗದಲ್ಲಿ ತುರುಕಬೇಡಿ, ಎರಡೂ ಕಡೆ ಬರೆಯಬೇಡಿ. ಅರ್ಜಿಯ ಹೊತ್ತಿಗೆ ಟ್ರಾನ್ಸ್‌ಕ್ರಿಪ್ಟ್ ಕೇಳುವುದಿಲ್ಲ, ಸೀಟು ಸಿಕ್ಕ ಮೇಲೆ ಕೇಳುತ್ತಾರೆ. ಆಗ ಬರೆದದ್ದಕ್ಕೂ ಅಚ್ಚಾದದ್ದಕ್ಕೂ ತಾಳೆಯಾಗದಿದ್ದರೆ ಪ್ರವೇಶ ರದ್ದಾಗುವ ಅಪಾಯವಿದೆ.

ಭಾಷೆಯ ವಿಚಾರದಲ್ಲಿ ಪದೇ ಪದೇ ಆಗುವ ತಪ್ಪು: ಏಳರಲ್ಲಿ ಸ್ಪ್ಯಾನಿಶ್ 1ಎ, ಎಂಟರಲ್ಲಿ 1ಬಿ ಓದಿದ್ದನ್ನು ಎರಡು ವರ್ಷವೆಂದು ಎಣಿಸುವುದು. ಅದು ಒಂದೇ ವರ್ಷದ ಪಾಠ, ಎರಡಾಗಿ ಹಂಚಿದ್ದು. ಯುಸಿಗೆ ಮುಖ್ಯ ಮಟ್ಟ; ಸ್ಪ್ಯಾನಿಶ್ 2 ಮುಗಿದರೆ ಎರಡು ವರ್ಷ ಪೂರ್ತಿ. ಬಹಳ ಪೈಪೋಟಿಯ ಖಾಸಗಿ ಕಾಲೇಜುಗಳ ನಿರೀಕ್ಷೆ ಇದಕ್ಕಿಂತ ಹೆಚ್ಚು. ಹಾರ್ವರ್ಡ್ ಒಂದೇ ಭಾಷೆಯನ್ನು ನಾಲ್ಕು ವರ್ಷ ಓದಿ ಎನ್ನುತ್ತದೆ.

ಊರು ಬದಲಾಯಿಸುವವರು ಮಿಡ್ಲ್ ಸ್ಕೂಲಿನ ಕೊನೆಯ ರಿಪೋರ್ಟ್ ಕಾರ್ಡ್ ಮತ್ತು ಕೋರ್ಸ್ ವಿವರವನ್ನು ಜೊತೆಯಲ್ಲೇ ಒಯ್ಯಬೇಕು. ಹೊಸ ಶಾಲೆಯ ದಾಖಲೆಗೆ ಆ ಸಾಲು ಏರದಿದ್ದರೆ ಮಗುವನ್ನು ಮತ್ತೆ ಆಲ್ಜೀಬ್ರಾ 1ಕ್ಕೇ ಕೂರಿಸುತ್ತಾರೆ. ಸೇರಿದ ಮೊದಲ ಎರಡು ವಾರದಲ್ಲಿ ಸರಿಪಡಿಸುವುದು ಸುಲಭ, ಸೆಮಿಸ್ಟರ್ ಮುಗಿದ ಮೇಲೆ ಕಷ್ಟ.

ಕರ್ನಾಟಕದಿಂದ ಹೋಗುವ ಮಕ್ಕಳದ್ದು ಬೇರೆಯೇ ಗೊಂದಲ. ನಮ್ಮಲ್ಲಿ ಎಂಟನೇ ತರಗತಿಯಿಂದಲೇ ಹೈಸ್ಕೂಲು, ಅಲ್ಲಿ ಒಂಬತ್ತರಿಂದ. ‘ಹೈಸ್ಕೂಲ್ ಅಂಕಗಳು’ ಎಂದ ಕಡೆ ಎಂಟನೇಯದನ್ನು ಬರೆದರೆ ಒಂದು ವರ್ಷ ಹೆಚ್ಚಾಗಿ ಎಲ್ಲವೂ ಹಿಂದುಮುಂದಾಗುತ್ತದೆ. ಬೇಕಿರುವುದು ಒಂಬತ್ತು, ಹತ್ತು ಮತ್ತು ಪಿಯುಸಿಯ ಎರಡು ವರ್ಷ. ಒಂಬತ್ತನೇಯದಕ್ಕೆ ಬೋರ್ಡಿನ ಅಂಕಪಟ್ಟಿ ಇರುವುದಿಲ್ಲ. ಊರು ಬಿಡುವ ಮುನ್ನ ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು ಹಾಕಿಸಿದ ಎರಡು ಪ್ರತಿ ಮಾಡಿಸಿಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಮೇಲಿನ ತರಗತಿಗಳನ್ನು ಓದಿದ ಮಗುವಾದರೆ ಆ ಓದನ್ನೇ ಇಂಗ್ಲಿಷೇತರ ಭಾಷೆಯ ಶರತ್ತಿಗೆ ಒಪ್ಪುವ ದಾರಿ ಯುಸಿಯಲ್ಲಿದೆ. ಹಾಗಾಗಿ ಟಿಸಿಯಲ್ಲಿ ‘ಬೋಧನಾ ಮಾಧ್ಯಮ: ಕನ್ನಡ’ ಎಂದು ಸ್ಪಷ್ಟವಾಗಿ ಬರೆದಿದೆಯೇ ಎಂದು ಶಾಲೆಯ ಮೆಟ್ಟಿಲಿಳಿಯುವ ಮೊದಲೇ ನೋಡಿಕೊಳ್ಳಿ.